ನಾಯಿಗೂ ಸಕ್ಕರೆ ಕಾಯಿಲೆಯೇ?

ನಮ್ಮ ಕಡೆ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದು ಕಷ್ಟ. ಮದುವೆಯಲ್ಲಾಗಲಿ ಹಬ್ಬದಲ್ಲಾಗಲಿ ಸಿಹಿಯ ತಟ್ಟೆ ಹತ್ತಿರ ಬಂದಾಗ "ನನಗೆ ಬೇಡ, ಶುಗರ್ ಉಂಟು" ಎನ್ನುವವರು ಪ್ರತಿ ಸಾಲಿನಲ್ಲೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ಆದರೆ ಅಂಗಳದಲ್ಲಿ ಮಲಗುವ ನಾಯಿಗೂ ಇದೇ ಕಾಯಿಲೆ ಬರುತ್ತದೆ ಎಂದರೆ ಹಲವರು ನಗುತ್ತಾರೆ. ನಾಯಿಗೆ ಬಂದಾಗ ಅದು ಎಷ್ಟೋ ಸಲ ಒಂಟಿಯಾಗಿ ಬರುವುದಿಲ್ಲ, ಇನ್ನೊಂದು ಹಾರ್ಮೋನಿನ ತೊಂದರೆಯೂ ಅದರ ಜೊತೆಗೇ ಇರುತ್ತದೆ ಎಂಬುದು ನಾಯಿ ಸಾಕುವವರಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಪಿಂಕಿಯಿಂದಾಗಿ ನಾವು ಕಲಿತದ್ದನ್ನು ಬರೆದರೆ ನಿಮ್ಮಲ್ಲಿ ಒಂದಿಬ್ಬರಿಗಾದರೂ ಉಪಯೋಗವಾದೀತು ಎಂಬ ಆಸೆಯಿಂದ ಈ ನಾಲ್ಕು ಮಾತು.

ನಾನು ಮಂಜೇಶ್ವರದ ಕಡೆಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು. ಮನೆಯಲ್ಲಿ ಅತ್ತೆ, ಗಂಡ, ಮಗಳು ಮತ್ತು ಪಿಂಕಿ. ಗಡಿನಾಡಿನ ಎಲ್ಲರ ಮನೆಯಂತೆ ನಮ್ಮದೂ ನಾಲ್ಕು ಭಾಷೆಗಳ ಮನೆ. ಒಳಗೆ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪಂಚಾಯತ್ ಕಚೇರಿಯಲ್ಲಿ ಮಲಯಾಳ, ಅಂಗಳದಲ್ಲಿ ತುಳು. ಪಿಂಕಿಗೆ ಅರ್ಥವಾಗುವುದು ತುಳು ಮಾತ್ರ ಎಂದು ಅತ್ತೆಯ ವಾದ. ಅವಳು ಒಂಬತ್ತು ಕಿಲೋ ತೂಕದ ಬಿಳಿ ಪೊಮೆರೇನಿಯನ್. ಮನೆಗೆ ಬಂದದ್ದು ಮಗಳ ಹಟದಿಂದ. ಆದರೆ ಬಂದ ವಾರದೊಳಗೇ ಅತ್ತೆಯ ನಾಯಿಯಾದಳು.

ಮಳೆಗಾಲದ ಬಾಯಾರಿಕೆ

2022ರ ಜುಲೈ ತಿಂಗಳು. ಹೊರಗೆ ಬಿಡದೆ ಮಳೆ. "ಈ ಚಳಿಯಲ್ಲಿ ಇಷ್ಟು ನೀರು ಕುಡಿಯುವ ನಾಯಿ ಎಲ್ಲಿಯಾದರೂ ಉಂಟಾ ಮಗಾ?" ಎಂದು ಅತ್ತೆ ಕೇಳಿದರು. ಪಿಂಕಿ ರಾತ್ರಿ ಮೂರು ಸಲ ಬಾಗಿಲು ಕೆರೆದು ಹೊರಗೆ ಹೋಗುತ್ತಿದ್ದಳು. ಊಟ ಮಾಡಿ ಅರ್ಧ ಗಂಟೆಯೊಳಗೆ ಮತ್ತೆ ಅಡುಗೆ ಕೋಣೆಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು. ಅತ್ತೆಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. "ನನಗೆ ಸುರುವಾದದ್ದೂ ಹೀಗೆಯೇ" ಎಂದು ಮೊದಲು ಹೇಳಿದವರು ಅವರೇ.

ಮಗಳು ಒಂದು ಲೀಟರಿನ ಬಾಟಲಿಯಿಂದ ಅಳೆದು ನೀರಿಟ್ಟಳು. ಆರೋಗ್ಯವಂತ ನಾಯಿ ಒಂದು ದಿನಕ್ಕೆ ತನ್ನ ತೂಕದ ಪ್ರತಿ ಕಿಲೋಗೆ ಐವತ್ತು ಅರವತ್ತು ಮಿಲಿಲೀಟರ್ ನೀರು ಕುಡಿಯುತ್ತದೆ. ಕಿಲೋಗೆ ನೂರು ಮಿಲಿಲೀಟರ್ ದಾಟಿದರೆ ಏನೋ ತೊಂದರೆ ಇದೆ ಎಂದೇ ತಿಳಿಯಬೇಕು. ಪಿಂಕಿಗೆ ಅರ್ಧ ಲೀಟರ್ ಸಾಕಾಗಬೇಕಿತ್ತು. ಅವಳು ಕುಡಿದದ್ದು ಹತ್ತಿರ ಹತ್ತಿರ ಒಂದೂವರೆ ಲೀಟರ್.

ನಮ್ಮ ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ಆಗ ಇದ್ದವರು ಎಳೆಯ ಪ್ರಾಯದ ಒಬ್ಬ ಡಾಕ್ಟರಮ್ಮ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರು. 412. ನಾಯಿಗೆ ಇರಬೇಕಾದದ್ದು ಸುಮಾರು 70ರಿಂದ 120. ರಕ್ತದಲ್ಲಿ ಸಕ್ಕರೆ 200ರ ಆಸುಪಾಸು ದಾಟಿದಾಗ ಮೂತ್ರಪಿಂಡಗಳಿಗೆ ಅದನ್ನು ತಡೆಹಿಡಿಯಲು ಆಗುವುದಿಲ್ಲ. ಸಕ್ಕರೆ ಮೂತ್ರಕ್ಕೆ ಸೋರುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬಾಯಾರಿಕೆಗೆ ಕಾರಣ ಇಷ್ಟೇ.

ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ದಿನಾ ಬೆಳಿಗ್ಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ಪಿಂಕಿಗೆ ಕೊಡುವುದು ಅವರ ರೂಢಿ. "ನಾನೇ ಕೊಂದೆ ಇವಳನ್ನು" ಎಂದರು. ಡಾಕ್ಟರಮ್ಮ ಮಲಯಾಳದಲ್ಲಿ, ನಿಧಾನವಾಗಿ, ಅತ್ತೆಗೆ ತಿಳಿಯುವ ಹಾಗೆ ಹೇಳಿದರು: "ಅಮ್ಮಚ್ಚಿ, ಬಿಸ್ಕತ್ತಿನಿಂದ ಬಂದದ್ದಲ್ಲ. ನಿಮ್ಮ ಕಾಯಿಲೆ ಬೇರೆ, ಇವಳದು ಬೇರೆ."

ನಿಜ. ಪ್ರಾಯವಾದ ಮನುಷ್ಯರಲ್ಲಿ ಸಾಮಾನ್ಯವಾಗಿ ಇನ್ಸುಲಿನ್ ಇದ್ದರೂ ದೇಹ ಅದರ ಮಾತು ಕೇಳುವುದಿಲ್ಲ. ಅದಕ್ಕೇ ಮಾತ್ರೆ ಕೆಲಸ ಮಾಡುತ್ತದೆ. ನಾಯಿಗಳಲ್ಲಿ ಬಹುತೇಕ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ, ಸಣ್ಣ ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆಯ ಹಾಗೆ. ಆದ್ದರಿಂದ ನಾಯಿಗೆ ಮಾತ್ರೆಯಿಂದ ಪ್ರಯೋಜನವಿಲ್ಲ, ಚುಚ್ಚುಮದ್ದೇ ಬೇಕು, ಅದೂ ದಿನಕ್ಕೆ ಎರಡು ಸಲ. ಇನ್ನೊಂದು ಸಂಗತಿ ಕೇಳಿ ನಮ್ಮ ಮನೆಯವರು ನಕ್ಕರು: ನಾಯಿಯ ಇನ್ಸುಲಿನ್ ಮತ್ತು ಹಂದಿಯ ಇನ್ಸುಲಿನ್ ರಚನೆಯಲ್ಲಿ ಒಂದೇ, ಒಂದು ಕೊಂಡಿಯೂ ವ್ಯತ್ಯಾಸವಿಲ್ಲ. ಮನುಷ್ಯರದರಲ್ಲಿ ಒಂದೇ ಒಂದು ಕೊಂಡಿ ಬೇರೆ. ಹಬ್ಬದ ದಿನ ನಾವು ತಟ್ಟೆಯಲ್ಲಿ ಮಾತ್ರ ಕಾಣುವ ಪ್ರಾಣಿಗೆ ನಮ್ಮ ನಾಯಿಯೊಡನೆ ಹೀಗೂ ಒಂದು ನಂಟು!

ಏರುತ್ತಲೇ ಹೋದ ಲೆಕ್ಕ

ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಊಟ. ಊಟ ಮಾಡಿದ್ದನ್ನು ನೋಡಿ ಚುಚ್ಚುಮದ್ದು. ಸುರುವಿಗೆ ಮೂರು ಯೂನಿಟ್. ಮಗಳು ಒಂದು ನೋಟುಪುಸ್ತಕ ಮಾಡಿದಳು. ಎಡಗಡೆ ಅಜ್ಜಿಯ ಹೆಸರು, ಬಲಗಡೆ ಪಿಂಕಿಯ ಹೆಸರು. ಬಲಗಡೆಯದು ದಿನವೂ ತುಂಬುತ್ತಿತ್ತು. ಎಡಗಡೆ ಹೆಚ್ಚಾಗಿ ಖಾಲಿ, ಯಾಕೆಂದರೆ ಅತ್ತೆ ತಮ್ಮ ಬೆರಳು ಚುಚ್ಚಲು ಬಿಡುತ್ತಿರಲಿಲ್ಲ. ಅವರ ಡಾಕ್ಟರರು ಒಂದು ವರ್ಷದಿಂದ "ಮಾತ್ರೆ ಸಾಲುವುದಿಲ್ಲ, ಇನ್ಸುಲಿನ್ ತೆಗೆದುಕೊಳ್ಳಿ" ಎನ್ನುತ್ತಿದ್ದರು. ಅತ್ತೆ "ನೋಡುವ" ಎಂದು ಹೇಳಿ ಬರುತ್ತಿದ್ದರು.

ನಾಯಿಯ ಲೆಕ್ಕ ನಾವು ಎಣಿಸಿದ ಹಾಗೆ ನಡೆಯಲಿಲ್ಲ. ಡಾಕ್ಟರಮ್ಮ ಹೇಳಿದಂತೆ ಯೂನಿಟ್ ಏರಿಸಿದೆವು. ಮೂರು ಐದಾಯಿತು, ಎಂಟಾಯಿತು, ಅಕ್ಟೋಬರಿನ ಕೊನೆಗೆ ಹದಿನಾಲ್ಕಾಯಿತು. ಸಕ್ಕರೆ ಮಾತ್ರ 350ರಿಂದ ಕೆಳಗೆ ಇಳಿಯಲಿಲ್ಲ. ಅಷ್ಟರಲ್ಲಿ ಅವಳ ಕಣ್ಣಿನ ಪಾಪೆ ಹಾಲಿನಂತೆ ಬಿಳಿಯಾಗತೊಡಗಿತು. ಸಕ್ಕರೆ ಕಾಯಿಲೆಯ ನಾಯಿಗಳಲ್ಲಿ ಇದು ತೀರಾ ಸಾಮಾನ್ಯ. ಹೆಚ್ಚಿನ ಸಕ್ಕರೆ ಕಣ್ಣಿನ ಮಸೂರದೊಳಗೆ ಬೇರೊಂದು ರೂಪಕ್ಕೆ ತಿರುಗಿ ನೀರನ್ನು ಹೀರಿಕೊಳ್ಳುತ್ತದೆ, ಮಸೂರ ಮಸುಕಾಗುತ್ತದೆ. ಕೆಲವೇ ತಿಂಗಳಲ್ಲಿ ಪೊರೆ ಬರುವ ನಾಯಿಗಳೇ ಹೆಚ್ಚು.

ಬೇರೆ ಬದಲಾವಣೆಗಳೂ ಕಂಡವು. ಸಕ್ಕರೆ ಹಿಡಿತಕ್ಕೆ ಬಾರದ ನಾಯಿ ಸೊರಗಬೇಕು. ಪಿಂಕಿಯ ಬೆನ್ನು, ತೊಡೆಗಳು ಸೊರಗಿದವು, ಆದರೆ ಹೊಟ್ಟೆ ಮಡಕೆಯ ಹಾಗೆ ಜೋತುಬಿತ್ತು. ಎರಡೂ ಪಕ್ಕೆಗಳಲ್ಲಿ ಒಂದೇ ಸಮ ಕೂದಲು ಉದುರಿತು. ಚರ್ಮ ಕಾಗದದಷ್ಟು ತೆಳ್ಳಗಾಯಿತು. ತಂಪು ನೆಲದ ಮೇಲೆ ಮಲಗಿದ್ದರೂ ಏದುಸಿರು ಬಿಡುತ್ತಿದ್ದಳು. ಸೋಫಾದ ಮೇಲೆ ಹಾರುತ್ತಿದ್ದವಳು ಒಂದು ಮೆಟ್ಟಿಲು ಏರಲು ನಿಂತು ಯೋಚಿಸುವ ಹಾಗಾದಳು.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಯಾಕೆ ಆ ಜೀವಕ್ಕೆ ಇಷ್ಟು ಕಷ್ಟ ಕೊಡುತ್ತೀರಿ? ಡಾಕ್ಟರರಿಗೆ ಹೇಳಿ ಮಲಗಿಸಿಬಿಡಿ." ಹೇಳಿದವರು ಕೆಟ್ಟವರಲ್ಲ. ನನ್ನ ಗಂಡನಿಗೂ ಹಾಗೆಯೇ ಅನ್ನಿಸಲು ಸುರುವಾಗಿತ್ತು ಎಂದು ನನಗೆ ಗೊತ್ತಿತ್ತು. ಮಗಳಿಗೆ ಪ್ಲಸ್ ಟು ಮುಗಿಯುವ ಹೊತ್ತು, ಮುಂದಿನ ಓದಿಗೆ ಹಣ ಬೇಕು. ಒಂದು ರಾತ್ರಿ ಊಟವಾದ ಮೇಲೆ ಆ ಮಾತು ಮೇಜಿನ ಮೇಲೆ ಬಂತು.

ಡಾಕ್ಟರಮ್ಮ ಅದೇ ವಾರ ನನಗೊಂದು ಮಾತು ಹೇಳಿದ್ದರು. ಒಂದು ಹೊತ್ತಿಗೆ ಕಿಲೋಗೆ ಒಂದೂವರೆ ಯೂನಿಟ್ ದಾಟಿದರೂ ಸಕ್ಕರೆ ಇಳಿಯದಿದ್ದರೆ ಇನ್ನೂ ಏರಿಸುತ್ತಾ ಹೋಗುವುದಲ್ಲ, ಇನ್ಸುಲಿನ್ನಿಗೆ ಎದುರು ನಿಂತಿರುವುದು ಯಾವುದು ಎಂದು ಹುಡುಕಬೇಕು. ಆ ಪರೀಕ್ಷೆಗಳಿಗೆ ಬೇಕಾದ ಸೌಕರ್ಯ ತಮ್ಮಲ್ಲಿಲ್ಲ, ಮಂಗಳೂರಿಗೆ ಹೋಗಿ ಎಂದು ಕಾಗದ ಬರೆದುಕೊಟ್ಟಿದ್ದರು. ಅದನ್ನು ನಾನು ಮೇಜಿನ ಮೇಲಿಟ್ಟೆ. ಮಗಳು ಓದಿ ನೋಡಿ ಅಪ್ಪನಿಗೆ ಹೇಳಿದಳು: "ಎರಡನೆಯ ಕಾಯಿಲೆಗೆ ಮದ್ದೇ ಮಾಡದೆ ಮೊದಲನೆಯದು ವಾಸಿಯಾಗಲಿಲ್ಲ ಎಂದು ಅವಳನ್ನು ಸಾಯಿಸುವುದಾ ಪಪ್ಪಾ?" ಯಾರೂ ಉತ್ತರ ಕೊಡಲಿಲ್ಲ. ಕೊನೆಗೆ ನನ್ನ ಗಂಡ, "ಪರೀಕ್ಷೆ ಮಾಡಿಸುವ. ಕಾರಣ ಸಿಕ್ಕಿದರೆ ಮೂರು ತಿಂಗಳು ನೋಡುವ. ಆಮೇಲೂ ಅವಳು ನರಳುವುದಾದರೆ ಯಾರೂ ಹಟ ಮಾಡಬಾರದು" ಎಂದರು. ಎಲ್ಲರೂ ಒಪ್ಪಿದೆವು.

ದೋಣಿಯ ತೂತು

ಪಕ್ಕದ ಮನೆಯವರ ಓಮ್ನಿಯಲ್ಲಿ ತಲಪಾಡಿ ದಾಟಿ ಮಂಗಳೂರಿಗೆ ಹೋದೆವು. ಅಲ್ಲಿಯ ಪಶುವೈದ್ಯರು ಪ್ರಾಯದವರು, ಕರಾವಳಿಯವರೇ. ಪಿಂಕಿಯನ್ನು ಮುಟ್ಟುವ ಮೊದಲು ನಮ್ಮನ್ನು ಕೇಳಿದ ಪ್ರಶ್ನೆಗಳೇ ಅರ್ಧ ಗಂಟೆ ಹಿಡಿದವು. ಆ ಪ್ರಶ್ನೆಗಳು ನಾಯಿ ಇರುವ ಪ್ರತಿಯೊಂದು ಮನೆಗೂ ಬೇಕಾದವು.

ಮೊದಲನೆಯದು, ಮದ್ದು ಸರಿಯಾಗಿ ಹೋಗುತ್ತಿದೆಯೇ? ಇನ್ಸುಲಿನ್ ಫ್ರಿಜ್ಜಿನಲ್ಲಿದೆಯೇ, ಮಂಜುಗಟ್ಟಿಲ್ಲವಷ್ಟೆ? ನಮ್ಮ ದೇಶದಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಉಂಟು, 100 ಯೂನಿಟ್ ಇರುವುದೂ ಉಂಟು. 40ರ ಬಾಟಲಿಗೆ 40ರ ಸಿರಿಂಜೇ ಬೇಕು. ಅದಲು ಬದಲಾದರೆ ಲೆಕ್ಕ ಎರಡೂವರೆ ಪಾಲು ತಪ್ಪುತ್ತದೆ. ನಮ್ಮದು ಸರಿಯಾಗಿತ್ತು.

ಎರಡನೆಯದು, ಇವಳಿಗೆ ಮರಿಯಾಗದ ಹಾಗೆ ಆಪರೇಷನ್ ಆಗಿದೆಯೇ? ಹೆಣ್ಣುನಾಯಿಯಲ್ಲಿ ಬೆದೆ ಮುಗಿದ ಮೇಲಿನ ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಿರುತ್ತದೆ. ಅದರ ಪ್ರಭಾವದಿಂದ ಮೊಲೆಯ ಗ್ರಂಥಿಗಳು ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುತ್ತವೆ, ಅದು ಇನ್ಸುಲಿನ್ ಕೆಲಸವನ್ನು ಕೆಡಿಸುತ್ತದೆ. ಇಂಥ ನಾಯಿಗೆ ಬೇಗನೆ ಆಪರೇಷನ್ ಮಾಡಿದರೆ ಕೆಲವೊಮ್ಮೆ ಸಕ್ಕರೆ ಕಾಯಿಲೆಯೇ ಬಿಟ್ಟುಹೋಗುವುದುಂಟು. ಪಿಂಕಿಗೆ ನಾಲ್ಕನೆಯ ವರ್ಷದಲ್ಲೇ ಆಪರೇಷನ್ ಆಗಿತ್ತು.

ಮೂರನೆಯದು, ತುರಿಕೆಗೆಂದು, ಕಿವಿ ಸೋರುತ್ತದೆಂದು ಬಹಳ ಕಾಲ ಸ್ಟಿರಾಯ್ಡ್ ಕೊಟ್ಟಿದ್ದೀರಾ? ಹೆಚ್ಚು ದಿನ ಕೊಟ್ಟ ಸ್ಟಿರಾಯ್ಡ್ ಮಾತ್ರೆ, ಚುಚ್ಚುಮದ್ದು ಇದೇ ತೊಂದರೆ ತರಬಲ್ಲದು, ಮುಲಾಮು ಮತ್ತು ಕಿವಿಯ ಹನಿಗಳೂ ಕೂಡ. ಆದರೆ ಕೊಡುತ್ತಿರುವುದನ್ನು ಮನೆಯಲ್ಲೇ ಒಮ್ಮೆಗೆ ನಿಲ್ಲಿಸಲೂ ಬಾರದು. ನಾವು ಕೊಟ್ಟಿರಲಿಲ್ಲ.

ನಾಲ್ಕನೆಯದು, ಎಲ್ಲಾದರೂ ಸೋಂಕು ಇದೆಯೇ? ಸಕ್ಕರೆ ಇರುವ ಮೂತ್ರದಲ್ಲಿ ರೋಗಾಣುಗಳು ಸುಲಭವಾಗಿ ಬೆಳೆಯುತ್ತವೆ. ಪಿಂಕಿಗೆ ಸಣ್ಣ ಸೋಂಕು ಇತ್ತು. ಎರಡು ವಾರ ಮದ್ದು ಕೊಟ್ಟೆವು. ಅದು ಹೋಯಿತು, ಸಕ್ಕರೆ ಹಾಗೆಯೇ ಉಳಿಯಿತು.

ಇನ್ನು ಉಳಿದದ್ದು ಬೇರೆ ಗ್ರಂಥಿಗಳು. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸೋಮಾರಿಯಾದರೂ ಇನ್ಸುಲಿನ್ ನಾಟುವುದಿಲ್ಲ. ಅಂಥ ನಾಯಿ ಮಂಕಾಗುತ್ತದೆ, ದಪ್ಪವಾಗುತ್ತದೆ, ಕೂದಲು ಉದುರುತ್ತದೆ. ಪಿಂಕಿಯ ರಕ್ತದಲ್ಲಿ ಥೈರಾಯ್ಡ್ ಸರಿಯಾಗಿತ್ತು. ಕೊನೆಗೆ ಡಾಕ್ಟರರು ಅವಳ ಜೋತ ಹೊಟ್ಟೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದು ಕುಶಿಂಗ್ ಕಾಯಿಲೆಯ ಹೆಸರು ಹೇಳಿದರು.

ಮೂತ್ರಪಿಂಡಗಳ ಪಕ್ಕದಲ್ಲಿ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಅವು ಕಾರ್ಟಿಸೋಲ್ ಎಂಬ ಹಾರ್ಮೋನು ತಯಾರಿಸುತ್ತವೆ. ಹಸಿವು, ಭಯ, ಕಾಯಿಲೆಯ ಹೊತ್ತಿನಲ್ಲಿ ರಕ್ತಕ್ಕೆ ಸಕ್ಕರೆ ಒದಗಿಸುವುದು ಅದರ ಕೆಲಸಗಳಲ್ಲೊಂದು. ಅದಿಲ್ಲದೆ ಜೀವವಿಲ್ಲ. ಆದರೆ ಹಗಲು ರಾತ್ರಿ ಅಗತ್ಯಕ್ಕಿಂತ ಹೆಚ್ಚು ಸುರಿಯತೊಡಗಿದರೆ ಅದೇ ಕುಶಿಂಗ್ ಕಾಯಿಲೆ. ಹತ್ತರಲ್ಲಿ ಎಂಟು ನಾಯಿಗಳಲ್ಲಿ ಇದರ ಮೂಲ ಇರುವುದು ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿಯಲ್ಲಿ. ಅಲ್ಲಿ ಬೆಳೆದ ಒಂದು ಪುಟ್ಟ ಗಂಟು ಅಡ್ರಿನಲ್‌ಗಳಿಗೆ ಬಿಡುವೇ ಕೊಡದೆ ಕೆಲಸ ಮಾಡಿಸುತ್ತದೆ. ಉಳಿದವುಗಳಲ್ಲಿ ಅಡ್ರಿನಲ್‌ನಲ್ಲೇ ಗೆಡ್ಡೆ ಇರುತ್ತದೆ. ಮನುಷ್ಯರಲ್ಲಿ ಇದು ಬಹಳ ಅಪರೂಪ. ನಡುಪ್ರಾಯ ದಾಟಿದ ನಾಯಿಗಳಲ್ಲಿ ಅಷ್ಟು ಅಪರೂಪವಲ್ಲ.

ಎರಡೂ ಕಾಯಿಲೆಗಳ ಮೊದಲ ಮೂರು ಲಕ್ಷಣಗಳು ಒಂದೇ: ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ ಹೋಗುವುದು, ಹೆಚ್ಚು ತಿನ್ನುವುದು. ಆದ್ದರಿಂದ ಒಂದು ಸಿಕ್ಕಿದಾಗ ಇನ್ನೊಂದು ಅದರ ಹಿಂದೆ ಅಡಗಿಕೊಳ್ಳುತ್ತದೆ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ 221 ನಾಯಿಗಳ ದಾಖಲೆಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 23ರಷ್ಟು ನಾಯಿಗಳಿಗೆ ಕುಶಿಂಗ್ ಕೂಡ ಇತ್ತು. ದೊಡ್ಡ ಆಸ್ಪತ್ರೆಗೆ ಬಂದ ನಾಯಿಗಳ ಲೆಕ್ಕ ಅದು; ಎಲ್ಲ ಊರಿನಲ್ಲೂ ಹಾಗೆಯೇ ಇರಬೇಕೆಂದಿಲ್ಲ. ಆದರೂ ಸಕ್ಕರೆ ಕಾಯಿಲೆಯ ನಾಯಿಯನ್ನು ನೋಡುವಾಗ ಇನ್ನೊಂದು ಕಾಯಿಲೆಯ ನೆನಪು ಇಟ್ಟುಕೊಳ್ಳಬೇಕು ಎನ್ನಲು ಅಷ್ಟು ಸಾಕು.

ಅವಳಿಗೆ ಬೇಕಾದ ಮದ್ದು ನಾವು ಇಷ್ಟು ಏರಿಸಿದರೂ ಯಾಕೆ ನಾಟಲಿಲ್ಲ ಎಂದು ಗಂಡ ಕೇಳಿದಾಗ ಡಾಕ್ಟರರು ನಮ್ಮ ಭಾಷೆಯಲ್ಲೇ ಹೇಳಿದರು: "ದೋಣಿಗೆ ತೂತು ಬಿದ್ದಿದೆ ಎಂದುಕೊಳ್ಳಿ. ನೀವು ಒಳಗಿನಿಂದ ನೀರು ಮೊಗೆದು ಹಾಕುತ್ತಿದ್ದೀರಿ. ನೀರು ಇಳಿಯುವುದಿಲ್ಲ ಎಂದು ದೊಡ್ಡ ಪಾತ್ರೆ ತಂದಿರಿ, ಇನ್ನೂ ದೊಡ್ಡದು ತಂದಿರಿ. ಇನ್ಸುಲಿನ್ ಎಂದರೆ ಆ ಪಾತ್ರೆ. ಕಾರ್ಟಿಸೋಲ್ ಎಂದರೆ ತೂತು."

ಹಳೆಯ ಪಾಠದ ಮುಂದಿನ ಪುಟ

ಪ್ರತಿ ವರ್ಷ ಇನ್ಸುಲಿನ್ ಪಾಠ ಮಾಡುವಾಗ ಮಕ್ಕಳಿಗೆ ನಾಯಿಗಳ ಕಥೆ ಹೇಳುತ್ತೇನೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಮೆರಿಂಗ್ ಎಂಬ ವಿಜ್ಞಾನಿಗಳು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಸಕ್ಕರೆ ಕಾಯಿಲೆ ಬಂತು. ಕಾಯಿಲೆಯ ಬೇರು ಎಲ್ಲಿದೆ ಎಂದು ಲೋಕಕ್ಕೆ ತಿಳಿದದ್ದು ಹಾಗೆ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆಯೇ ಪ್ರಯೋಗ ಮಾಡಿ ಇನ್ಸುಲಿನ್ ಪಡೆದರು. 1922ರ ಜನವರಿಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗ ಆ ಮದ್ದು ಪಡೆದ ಮೊದಲ ರೋಗಿಯಾದ.

ನನ್ನ ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಪಿಂಕಿಯ ಕಾಯಿಲೆಯ ನೆಪದಿಂದ ಮುಂದಿನ ಪುಟ ಓದಿದೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಬರ್ನಾರ್ಡೊ ಹೌಸೇ ಎಂಬ ವೈದ್ಯ ವಿಜ್ಞಾನಿ ಇದ್ದರು. ಮೇದೋಜೀರಕ ಗ್ರಂಥಿ ತೆಗೆದ ನಾಯಿಗೆ ಸಕ್ಕರೆ ಕಾಯಿಲೆ ಜೋರಾಗಿ ಬರಬೇಕಷ್ಟೆ? ಆದರೆ ಅದೇ ನಾಯಿಯ ಪಿಟ್ಯೂಟರಿಯನ್ನೂ ತೆಗೆದರೆ ಕಾಯಿಲೆ ಎಷ್ಟೋ ಸೌಮ್ಯವಾಗುತ್ತದೆ ಎಂದು ಅವರು ಕಂಡುಕೊಂಡರು. ಪಿಟ್ಯೂಟರಿಯ ಸಾರವನ್ನು ಕೊಟ್ಟಾಗ ಸಕ್ಕರೆ ಮತ್ತೆ ಏರಿತು. ಎಂದರೆ ಸಕ್ಕರೆಯನ್ನು ಇಳಿಸುವ ಕೈಯೊಂದೇ ಅಲ್ಲ, ಏರಿಸುವ ಕೈಗಳೂ ದೇಹದಲ್ಲಿವೆ, ಇವೆರಡರ ತೂಕ ಸರಿಯಾಗಿರುವುದೇ ಆರೋಗ್ಯ. ಈ ಶೋಧಕ್ಕೆ 1947ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ಬಂತು. ವಿಜ್ಞಾನದಲ್ಲಿ ಆ ಗೌರವ ಪಡೆದ ಮೊದಲ ಲ್ಯಾಟಿನ್ ಅಮೆರಿಕದವರು ಅವರು. ಕುಶಿಂಗ್ ಕಾಯಿಲೆಯ ಹೆಸರು ಬಂದದ್ದು ಅಮೆರಿಕದ ಮೆದುಳಿನ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಅವರಿಂದ. 1932ರಲ್ಲಿ ಅವರು ಮನುಷ್ಯರಲ್ಲಿ ಈ ಕಾಯಿಲೆಗೆ ಪಿಟ್ಯೂಟರಿಯ ಪುಟ್ಟ ಗಂಟುಗಳೇ ಕಾರಣ ಎಂದು ಬರೆದರು.

ಇದನ್ನು ಓದಿದ ರಾತ್ರಿ ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಪಿಂಕಿಯ ತಲೆ ಸವರುತ್ತಾ ಕೂತು, "ಹಾಗಾದರೆ ನನ್ನ ಮದ್ದು ಇವಳ ಕುಲದವರಿಂದ ಬಂದದ್ದಲ್ಲವಾ. ಇವಳಿಗೆ ಮಾಡುವುದು ಉಪಕಾರ ಅಲ್ಲ ಮಾರಾಯ್ತಿ, ಸಾಲ ತೀರಿಸುವುದು" ಎಂದರು.

ಎರಡಕ್ಕೂ ಒಟ್ಟಿಗೆ ಮದ್ದು

ಕುಶಿಂಗ್ ಇದೆ ಎಂದು ಖಚಿತಪಡಿಸಲು ಪಿಂಕಿ ಒಂದು ಇಡೀ ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಬೆಳಿಗ್ಗೆ ರಕ್ತ ತೆಗೆದು ಸ್ವಲ್ಪವೇ ಡೆಕ್ಸಾಮೆಥಸೋನ್ ಚುಚ್ಚುತ್ತಾರೆ. ನಾಲ್ಕು ಗಂಟೆಯ ಮೇಲೆ ಒಮ್ಮೆ, ಎಂಟು ಗಂಟೆಯ ಮೇಲೆ ಒಮ್ಮೆ ಮತ್ತೆ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಕಾರ್ಟಿಸೋಲ್ ಇಳಿದಿರುತ್ತದೆ. ಪಿಂಕಿಯಲ್ಲಿ ಇಳಿಯಲಿಲ್ಲ. ಸಕ್ಕರೆ ಕಾಯಿಲೆಯ ಬಳಲಿಕೆಯಿಂದಲೂ ಈ ಪರೀಕ್ಷೆ ಕೆಲವೊಮ್ಮೆ ತಪ್ಪು ಹೇಳುವುದರಿಂದ ಡಾಕ್ಟರರು ಅದೊಂದನ್ನೇ ನಂಬದೆ ಸ್ಕ್ಯಾನಿಂಗ್ ಕೂಡ ಮಾಡಿದರು. ಎರಡೂ ಅಡ್ರಿನಲ್ ಗ್ರಂಥಿಗಳು ಊದಿದ್ದವು. ಎರಡೂ ಊದಿವೆ ಎಂದರೆ ಮೂಲ ಪಿಟ್ಯೂಟರಿಯಲ್ಲಿರುವುದೇ ಹೆಚ್ಚು.

ಮದ್ದಿನ ಹೆಸರು ಟ್ರೈಲೋಸ್ಟೇನ್. ಅಡ್ರಿನಲ್‌ನಲ್ಲಿ ಕಾರ್ಟಿಸೋಲ್ ತಯಾರಾಗುವ ದಾರಿಯಲ್ಲೇ ಅದು ತಡೆ ಹಾಕುತ್ತದೆ. ಪಿಟ್ಯೂಟರಿಯ ಗಂಟು ಕರಗುವುದಿಲ್ಲ, ಆದ್ದರಿಂದ ಮದ್ದು ಜೀವಮಾನ ಪೂರ್ತಿ ಬೇಕು. ನಮ್ಮ ಕಡೆಯ ಮದ್ದಿನಂಗಡಿಯಲ್ಲಿ ಸಿಗಲಿಲ್ಲ. ಡಾಕ್ಟರರೇ ಬೆಂಗಳೂರಿನಿಂದ ತರಿಸಿಕೊಟ್ಟರು.

ಅವರು ಮೊದಲೇ ಕೊಟ್ಟ ಎಚ್ಚರಿಕೆ ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ತೂತು ಮುಚ್ಚಿದ ಮೇಲೂ ದೊಡ್ಡ ಪಾತ್ರೆಯಿಂದಲೇ ಮೊಗೆಯುತ್ತಾ ಇದ್ದರೆ ದೋಣಿಯಲ್ಲಿ ಇರಬೇಕಾದದ್ದೂ ಹೊರಗೆ ಹೋಗುತ್ತದೆ. ಕಾರ್ಟಿಸೋಲ್ ಇಳಿದಂತೆ ಹಳೆಯ ಪ್ರಮಾಣದ ಇನ್ಸುಲಿನ್ ವಿಷವಾಗುತ್ತದೆ. ಸಕ್ಕರೆ ಒಮ್ಮೆಲೇ ಕುಸಿದು ನಾಯಿ ತೂರಾಡುತ್ತದೆ, ನಡುಗುತ್ತದೆ, ಸೆಳೆತ ಬಂದು ಸಾಯಲೂಬಹುದು. ಅದಕ್ಕೇ ಮೊದಲ ದಿನವೇ ಇನ್ಸುಲಿನ್ ಕಡಿಮೆ ಮಾಡಿಸಿದರು. ಜೇನುತುಪ್ಪದ ಬಾಟಲಿ ಕೈಗೆಟುಕುವಲ್ಲಿ ಇಡಲು ಹೇಳಿದರು. ತೂರಾಟ ಕಂಡರೆ ಒಸಡಿಗೆ ಜೇನು ಸವರಿ ಕೂಡಲೇ ಡಾಕ್ಟರರಲ್ಲಿಗೆ ಓಡಬೇಕು. ನಾಯಿ ಊಟ ಬಿಟ್ಟ ಹೊತ್ತಿನಲ್ಲಿ ಡಾಕ್ಟರರನ್ನು ಕೇಳದೆ ಇನ್ಸುಲಿನ್ ಚುಚ್ಚಬಾರದು. ಟ್ರೈಲೋಸ್ಟೇನ್ ತಿನ್ನುವ ನಾಯಿ ಊಟ ಬಿಟ್ಟರೆ, ವಾಂತಿ ಮಾಡಿದರೆ, ಮಂಕಾಗಿ ಬಿದ್ದುಕೊಂಡರೆ ಆ ಮದ್ದನ್ನೂ ನಿಲ್ಲಿಸಿ ಅದೇ ದಿನ ತೋರಿಸಬೇಕು, ಯಾಕೆಂದರೆ ಕಾರ್ಟಿಸೋಲ್ ತೀರಾ ಇಳಿದರೂ ಜೀವಕ್ಕೆ ಅಪಾಯ. ನಮ್ಮ ನಾಯಿಯ ಲೆಕ್ಕವನ್ನು ದಯಮಾಡಿ ಯಾರೂ ತಮ್ಮ ನಾಯಿಗೆ ಹಾಕಬೇಡಿ. ಪ್ರತಿಯೊಂದಕ್ಕೂ ಪ್ರಮಾಣ ಬೇರೆ.

ನವೆಂಬರಿನ ಕೊನೆಗೆ ಮದ್ದು ಸುರುವಾಯಿತು. ಹತ್ತು ದಿನ ಏನೂ ಕಾಣಲಿಲ್ಲ. ಡಿಸೆಂಬರಿನ ನಡುವೆ ಒಂದು ಬೆಳಿಗ್ಗೆ ನೀರಿನ ಬಾಟಲಿ ಅರ್ಧಕ್ಕರ್ಧ ಉಳಿದಿತ್ತು. ಮಗಳು ಮೊದಲು ನಂಬದೆ ತಟ್ಟೆಯ ಕೆಳಗೆ ನೀರು ಚೆಲ್ಲಿದೆಯೇ ಎಂದು ಮುಟ್ಟಿ ನೋಡಿದಳು. ಕ್ರಿಸ್ಮಸ್ ಹೊತ್ತಿಗೆ ಸಕ್ಕರೆ 200ರ ಆಸುಪಾಸಿಗೆ ಬಂತು. ಆ ವರ್ಷ ಕುಸ್ವಾರಿನ ಡಬ್ಬಗಳೆಲ್ಲ ಅಟ್ಟಕ್ಕೇರಿದವು. ಕೇಕಿನ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ ಎಂಬುದನ್ನೂ ಆಗಲೇ ತಿಳಿದೆವು. ಫೆಬ್ರವರಿಯಲ್ಲಿ ಇನ್ಸುಲಿನ್ ಹದಿನಾಲ್ಕರಿಂದ ಆರು ಯೂನಿಟ್‌ಗೆ ಇಳಿದು ನಿಂತಿತು. ಬೋಳಾದ ಪಕ್ಕೆಗಳಲ್ಲಿ ಮೊದಲು ಬೂದು, ಆಮೇಲೆ ಬಿಳಿ ಕೂದಲು ಬಂತು. ನನ್ನ ಗಂಡ ಹೇಳಿದ ಮೂರು ತಿಂಗಳು ಮುಗಿದದ್ದು ಯಾರಿಗೂ ನೆನಪಾಗಲಿಲ್ಲ. ನೆನಪಿದ್ದರೂ ಅವರು ಬಾಯಿಬಿಡಲಿಲ್ಲ.

ಎಲ್ಲವೂ ಮರಳಿ ಬರಲಿಲ್ಲ. ಕಣ್ಣು ಹೋಯಿತು. ದೊಡ್ಡ ನಗರಗಳಲ್ಲಿ ನಾಯಿಗೂ ಪೊರೆಯ ಆಪರೇಷನ್ ಮಾಡುತ್ತಾರೆ. ಅವಳ ಪ್ರಾಯ, ನಮ್ಮ ಕೈಲಾಗುವಿಕೆ ಎರಡನ್ನೂ ನೋಡಿ ಬೇಡವೆಂದುಕೊಂಡೆವು. ಕುರ್ಚಿ ಮೇಜುಗಳನ್ನು ಇದ್ದಲ್ಲಿಂದ ಕದಲಿಸದಿದ್ದರೆ ಕುರುಡು ನಾಯಿ ಮನೆಯನ್ನು ಮೂಗಿನಿಂದಲೇ ಓದುತ್ತದೆ. ಅವಳು ಅತ್ತೆಯ ಚಪ್ಪಲಿಯ ಸದ್ದು ಹಿಡಿದು ಅಂಗಳದ ತುಳಸಿ ಗಿಡದವರೆಗೆ ಹೋಗಿ ಬರುತ್ತಿದ್ದಳು.

ಎಡಗಡೆಯ ಪಟ್ಟಿ

ಆ ಬೇಸಿಗೆಯಲ್ಲಿ ಒಂದು ಸಂಜೆ ಪಿಂಕಿಗೆ ಚುಚ್ಚುಮದ್ದು ಕೊಟ್ಟು ಸಿರಿಂಜ್ ತೆಗೆಯುತ್ತಿದ್ದೆ. ಅವಳು ಕೊಸರಾಡಿರಲಿಲ್ಲ, ಎಂದಿನಂತೆ ಅನ್ನದ ತಟ್ಟೆ ನೆಕ್ಕುತ್ತಲೇ ಇದ್ದಳು. ನೋಡುತ್ತಾ ಕೂತಿದ್ದ ಅತ್ತೆ ಕೇಳಿದರು, "ಅಷ್ಟೇ ನೋವಾ ಅದು?" ಮಾರನೆಯ ವಾರ ಅವರೇ ತಮ್ಮ ಡಾಕ್ಟರರಲ್ಲಿಗೆ ಹೋಗಿ ಇನ್ಸುಲಿನ್ ಬರೆಸಿಕೊಂಡು ಬಂದರು. ನೋಟುಪುಸ್ತಕದ ಎಡಗಡೆಯ ಪಟ್ಟಿ ಅಂದಿನಿಂದ ತುಂಬತೊಡಗಿತು. ಏಳು ಗಂಟೆಗೆ ಮನೆಯಲ್ಲಿ ಇಬ್ಬರಿಗೆ ಚುಚ್ಚುಮದ್ದು, ಯಾರದು ಮೊದಲು ಎಂಬ ತಮಾಷೆಯ ಜಗಳ.

ಪಿಂಕಿ 2024ರ ಸೆಪ್ಟೆಂಬರಿನಲ್ಲಿ ತೀರಿಹೋದಳು, ರಾತ್ರಿ ನಿದ್ದೆಯಲ್ಲೇ, ಅತ್ತೆಯ ಮಂಚದ ಕೆಳಗೆ. ಮಲಗಿಸಿಬಿಡಿ ಎಂದು ಎಲ್ಲರೂ ಹೇಳಿದ ದಿನದಿಂದ ಅವಳು ಹೆಚ್ಚು ಕಡಿಮೆ ಎರಡು ವರ್ಷ ಬದುಕಿದಳು. ಆ ಎರಡು ವರ್ಷ ಬಾಲ ಅಲ್ಲಾಡಿಸುತ್ತಾ, ಹೊಟ್ಟೆಗೆ ಬೇಕಾದಷ್ಟು ತಿಂದು, ರಾತ್ರಿಯಿಡೀ ಮಲಗಿ ಕಳೆದ ವರ್ಷಗಳು. ಎಲ್ಲ ನಾಯಿಗೂ ಹೀಗೆಯೇ ಆಗುತ್ತದೆ ಎಂದು ನಾನು ಹೇಳಲಾರೆ. ಎರಡೂ ಕಾಯಿಲೆ ಸೇರಿ ಕೈಮೀರಿದಾಗ ನೋವಿಲ್ಲದೆ ಕಳುಹಿಸಿಕೊಡುವುದೂ ಪ್ರೀತಿಯೇ. ಆದರೆ ಆ ನಿರ್ಧಾರಕ್ಕೆ ಬರುವ ಮೊದಲು ಡಾಕ್ಟರರನ್ನು ಒಂದು ಪ್ರಶ್ನೆ ಕೇಳಿ: "ಇನ್ಸುಲಿನ್ ಯಾಕೆ ನಾಟುತ್ತಿಲ್ಲ? ಬೇರೆ ಯಾವ ಗ್ರಂಥಿಯಾದರೂ ಕೆಟ್ಟಿದೆಯೇ?"

ನಿಮ್ಮ ಮನೆಯಲ್ಲಿ ಏಳೆಂಟು ವರ್ಷ ದಾಟಿದ ನಾಯಿ ಇದ್ದರೆ ಈ ವಾರ ಒಂದು ದಿನ ಬಾಟಲಿಯಿಂದ ಅಳೆದು ನೀರಿಡಿ. ಅದಕ್ಕೆ ಹಣ ಬೇಡ, ಡಾಕ್ಟರರೂ ಬೇಡ. ಲೆಕ್ಕ ಹೆಚ್ಚು ಬಂದರೆ ತಡಮಾಡದೆ ಮೃಗಾಸ್ಪತ್ರೆಗೆ ಹೋಗಿ. ಅತ್ತೆಗೆ ಈಗ ಎಪ್ಪತ್ತೇಳು. ಅವರ ಸಕ್ಕರೆ ಹಿಡಿತದಲ್ಲಿದೆ. ಹೊಸ ನೋಟುಪುಸ್ತಕದಲ್ಲಿ ಒಂದೇ ಪಟ್ಟಿ, ಅದನ್ನು ಅವರೇ ಬರೆಯುತ್ತಾರೆ.